ವಾಕ್ಯದ ಉತ್ತರಾರ್ಧ

ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ವಾಕ್ಯ ವಿಂಗಡಿಸುವುದನ್ನು ಕಲಿಸಿದ ನನಗೆ, ಆ ವಿದ್ಯೆ ಮುಂದೊಂದು ದಿನ ಆರೋಗ್ಯವಿಮೆಯ ಕಾಗದಪತ್ರಗಳ ನಡುವೆ ಉಪಯೋಗಕ್ಕೆ ಬಂದೀತೆಂಬ ಕಲ್ಪನೆಯೇ ಇರಲಿಲ್ಲ. ನನ್ನ ತಂಗಿಯ ಮಗಳ ಒಪ್ಪಿಗೆ ಪಡೆದು ಈ ಸಂಗತಿಯನ್ನು ಬರೆಯುತ್ತಿದ್ದೇನೆ. ಬಂಧುಗಳು ಯಾರೆಂದು ಊಹಿಸಿದರೂ ಅವಳನ್ನು ಕೇಳಬಾರದಾಗಿ ವಿನಂತಿ.

2021ರಲ್ಲಿ ಆಕೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಆಗ ಅವಳ ತೂಕ 121 ಕಿಲೋ. ಹತೋಟಿಗೆ ಬಾರದ ಮಧುಮೇಹವೂ ಇತ್ತು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಏಕರೂಪದ ನಿಯಮದಂತೆ, ಬಿ.ಎಂ.ಐ. 40 ಅಥವಾ ಅದಕ್ಕೂ ಮೇಲಿದ್ದರೆ, ಇಲ್ಲವೇ 35 ಅಥವಾ ಅದಕ್ಕೂ ಮೇಲಿದ್ದು ಇಂತಹ ಗಂಭೀರ ರೋಗಗಳಿದ್ದರೆ, ವೈದ್ಯರ ಸಲಹೆಯ ಮೇರೆಗೆ ನಡೆಯುವ ಈ ಚಿಕಿತ್ಸೆಯನ್ನು ಬೊಜ್ಜಿನ ನೆಪದಲ್ಲಿ ಹೊರಗಿಡುವಂತಿಲ್ಲ. ಕಂಪನಿ ಹಣ ಕೊಟ್ಟಿತು.

ಎರಡು ವರ್ಷಗಳಲ್ಲಿ ತೂಕ 70 ಕಿಲೋಗೆ ಇಳಿಯಿತು. ಆದರೆ ಬಹುಕಾಲ ಹಿಗ್ಗಿದ ಚರ್ಮ ತನ್ನ ಸ್ಥಿತಿಸ್ಥಾಪಕತ್ವವನ್ನು ಕಳೆದುಕೊಂಡಿರುತ್ತದೆ. ಕೊಬ್ಬು ಕರಗಿದಷ್ಟು ಅದು ಕುಗ್ಗುವುದಿಲ್ಲ. ಹೊಟ್ಟೆಯ ಚರ್ಮ ತೊಡೆಯ ಮೇಲೆ ಜೋತುಬಿದ್ದಿತು. ಮಡಿಕೆಯಲ್ಲಿ ಗಾಳಿಯಾಡದೆ ಬೆವರು ನಿಂತು ಶಿಲೀಂಧ್ರದ ಸೋಂಕು, ಹುಣ್ಣು, ದುರ್ವಾಸನೆ. ಚರ್ಮವೈದ್ಯರು ಕೊಟ್ಟ ಮುಲಾಮಿನಿಂದ ವಾಸಿಯಾಗುವುದು, ಮತ್ತೆ ಮರುಕಳಿಸುವುದು. ಮದುವೆ ಮುಂಜಿಗಳಿಗೆ ಬರುವುದನ್ನೇ ಅವಳು ಬಿಟ್ಟಳು. ತೂಕ ಇಳಿದ ಮೇಲೆ ಜಂಬ ಬಂದಿತೆಂದು ಕೆಲವರು ಆಡಿಕೊಂಡರು.

ಆ ಚರ್ಮವನ್ನು ತೆಗೆಯಬೇಕೆಂದು ಶಸ್ತ್ರವೈದ್ಯರು ಹೇಳಿದರು. ಕಂಪನಿಯಿಂದ ಬಂದ ಉತ್ತರ ಎರಡೇ ಸಾಲು: ಇದು ಸೌಂದರ್ಯ ಚಿಕಿತ್ಸೆ, ಹಣ ಸಿಗುವುದಿಲ್ಲ. ಪತ್ರವನ್ನು ನನ್ನ ಕೈಗಿಟ್ಟು ಅವಳೆಂದಳು: "ಮಾವ, ಈ ವಾಸನೆ ಇಟ್ಕೊಂಡು ಚಂದ ಯಾರಿಗೆ ಬೇಕು?"

ನಾನು ಪಾಲಿಸಿಯ ಪುಸ್ತಿಕೆಯನ್ನು ತರಿಸಿ ಓದಿದೆ. ರೂಪ ಬದಲಿಸುವ ಚಿಕಿತ್ಸೆಗೆ ಹಣವಿಲ್ಲವೆಂಬುದು ನಿಜ. ಆದರೆ ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇವುಗಳ ನಂತರದ ಪುನಾರಚನೆ, ಅಥವಾ ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವನ್ನು ನಿವಾರಿಸಲು ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆ ಇದಕ್ಕೆ ಹೊರತು. ಅಗತ್ಯವನ್ನು ಚಿಕಿತ್ಸೆ ನೀಡುವ ವೈದ್ಯರು ದೃಢೀಕರಿಸಬೇಕು. ಕಂಪನಿಯ ಪತ್ರ ಪೂರ್ವಾರ್ಧವನ್ನಷ್ಟೇ ಹೇಳಿತ್ತು.

ಇಬ್ಬರೂ ಕುಳಿತು ಕುಂದುಕೊರತೆ ಅಧಿಕಾರಿಗೆ ಪತ್ರ ಬರೆದೆವು. ನೋವಿನ ವರ್ಣನೆ ಬೇಡ, ದಾಖಲೆ ಮಾತಾಡಲಿ ಎಂದೆ. ಹದಿನಾಲ್ಕು ತಿಂಗಳ ಚರ್ಮವೈದ್ಯರ ಚೀಟಿಗಳು, ತೂಕ ಆರು ತಿಂಗಳಿಂದ ಸ್ಥಿರವಾಗಿದೆಯೆಂಬ ದಾಖಲೆ, ಶಸ್ತ್ರವೈದ್ಯರ ದೃಢೀಕರಣ ಇವನ್ನೆಲ್ಲ ಜೋಡಿಸಿದೆವು. ಕೇಳಿದ್ದು ಜೋತುಬಿದ್ದ ಚರ್ಮವನ್ನಷ್ಟೇ ತೆಗೆಯುವ ಪ್ಯಾನಿಕ್ಯುಲೆಕ್ಟಮಿ. ಸ್ನಾಯು ಬಿಗಿದು ಹೊಟ್ಟೆಗೆ ಆಕಾರ ಕೊಡುವ ಟಮ್ಮಿ ಟಕ್ ಅಲ್ಲ ಎಂಬುದನ್ನು ವೈದ್ಯರು ಸ್ಪಷ್ಟವಾಗಿ ಬರೆದುಕೊಟ್ಟರು. ಮಡಿಕೆ ಎತ್ತಿ ಹುಣ್ಣು ಕಾಣುವಂತೆ ಫೋಟೋ ತೆಗೆಸಿಕೊಳ್ಳುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ನನ್ನ ಮಡದಿ ಬಾಗಿಲು ಹಾಕಿಕೊಂಡು ತೆಗೆದುಕೊಟ್ಟಳು.

ಮೂರನೆಯ ವಾರ ಹೊಟ್ಟೆಯ ಚಿಕಿತ್ಸೆಗೆ ಒಪ್ಪಿಗೆ ಬಂದಿತು. ಜೊತೆಗೆ ಕೇಳಿದ್ದ ತೋಳಿನ ಚರ್ಮಕ್ಕೆ ಬರಲಿಲ್ಲ. ಅಲ್ಲಿ ಸೋಂಕು ಇರಲಿಲ್ಲ. ನಿಯಮದ ಪ್ರಕಾರ ಅದು ಸರಿಯೇ. ವಾಕ್ಯವನ್ನು ಪೂರ್ತಿ ಓದಿರೆಂದು ಹೇಳುವವರು ತಮಗೆ ಪ್ರತಿಕೂಲವಾದ ಭಾಗವನ್ನೂ ಓದಬೇಕಲ್ಲವೆ? ಗಾಯ ಮಾಯಲು ಕೆಲವು ವಾರಗಳು ಹಿಡಿದವು. ಈಗ ಹುಣ್ಣಿಲ್ಲ. ಉದ್ದ ತೋಳಿನ ರವಿಕೆ ತೊಟ್ಟು ಮದುವೆಗಳಿಗೆ ಬರುತ್ತಾಳೆ.

ನಿಮ್ಮಲ್ಲಿ ಯಾರಿಗಾದರೂ ಇಂತಹ ಪತ್ರ ಬಂದರೆ ಕೈಚೆಲ್ಲಬೇಡಿ. 2024ರ ಸುತ್ತೋಲೆಯಂತೆ, ಕಂಪನಿ ತನ್ನ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮು ತಿರಸ್ಕರಿಸುವಂತಿಲ್ಲ; ಯಾವ ಷರತ್ತಿನ ಮೇಲೆ ತಿರಸ್ಕರಿಸಿತೆಂಬುದನ್ನೂ ತಿಳಿಸಬೇಕು. ಮೊದಲು ಕಂಪನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಚಿಕಿತ್ಸೆಯ ಚೀಟಿಗಳನ್ನು ಮಾತ್ರ ಒಂದನ್ನೂ ಎಸೆಯದೆ ಇಟ್ಟುಕೊಳ್ಳಿ. ಪಾಲಿಸಿಯನ್ನು ಪೂರ್ಣವಿರಾಮದವರೆಗೂ ಓದಿ.