ಮೊದಲನೆಯ ಗುಂಡು

ಕೋವಿ ಕೊಂಡವರೆಲ್ಲ ಅದನ್ನು ಪರೀಕ್ಷಿಸುತ್ತಾರೆ. ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ಕೋವಿಯನ್ನು ಮಲಗಿಸಿ, ಒಂದಾದಮೇಲೊಂದು ಐದು ಗುಂಡು ಹಾರಿಸಿ, ತೂತುಗಳು ಒತ್ತೊತ್ತಾಗಿ ಬಿದ್ದರೆ ಸಂತೋಷದಿಂದ ಮನೆಗೆ ಬರುತ್ತಾರೆ. ಅರಕಲಗೂಡಿನ ನಮ್ಮ ಚಿಕ್ಕಪ್ಪನಿಗೆ ಈ ಪರೀಕ್ಷೆಯಲ್ಲಿ ನಂಬಿಕೆಯಿರಲಿಲ್ಲ. "ಐದನೆಯ ಗುಂಡಿನವರೆಗೆ ಹಂದಿ ಕಾಯುತ್ತದೆಯೇ?" ಎನ್ನುತ್ತಿದ್ದರು.

ಅವರದು ಇಚಾಪುರದ ಕಾರ್ಖಾನೆಯ .315 ರೈಫಲು. ಸೇನೆಯ .303 ತೋಟಾ ಸಾಮಾನ್ಯರಿಗೆ ನಿಷಿದ್ಧವಾದುದರಿಂದ, ಅದೇ ಮಾದರಿಯ ಕೋವಿಗೆ ಬೇರೆ ಅಳತೆಯ ನಳಿಕೆ ಕೂಡಿಸಿ ಮಾರುತ್ತಿದ್ದ ಸರಕು. ಗಟ್ಟಿಮುಟ್ಟು, ಭಾರ, ಚೆಲುವೇನೂ ಇಲ್ಲ. 1972ರ ವನ್ಯಜೀವಿ ಕಾಯಿದೆಗೆ ಕೆಲವು ವರ್ಷ ಮೊದಲಿನ ಮಾತಿದು. ಗೆಣಸಿನ ಹೊಲಕ್ಕೆ ಹಂದಿ ನುಗ್ಗಿದರೆ ಕೋವಿ ಹಿಡಿದು ಕಾಯುವುದು ಆಗಿನ ವಾಡಿಕೆ.

ಚಿಕ್ಕಪ್ಪನ ಕ್ರಮವೆಂದರೆ ದಿನಕ್ಕೆ ಒಂದೇ ಗುಂಡು. ಬೆಳಗ್ಗೆ, ನಳಿಕೆ ತಣ್ಣಗಿರುವಾಗ, ಒಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ ಹೊಡೆಯುವುದು. ಎಣ್ಣೆ ಉಳಿದ ನಳಿಕೆಯ ಮೊದಲ ಗುಂಡು ತನ್ನದೇ ದಾರಿ ಹಿಡಿಯುತ್ತದೆ. ಮಾರನೆಯ ದಿನ ಅದೇ ಕಾಗದವನ್ನು ಮತ್ತೆ ಕಟ್ಟುವುದು. ಐದು ಬೆಳಗಿನ ಐದು ತೂತುಗಳನ್ನು ಒಂದು ತೆಂಗಿನ ಕರಟ ಮುಚ್ಚಬೇಕು. ನಟ್ಟನಡುವೆ ಬಿದ್ದ ತೂತನ್ನು ನಾವು ಹೊಗಳಿದರೆ ಅವರಿಗೆ ರೇಗುತ್ತಿತ್ತು. ಎಲ್ಲಕ್ಕಿಂತ ದೂರ ಹೋದ ತೂತೇ ಕೋವಿಯ ನಿಜವಾದ ಗುಣವಂತೆ. ತೋಟಾ ಉಳಿಸುವ ಜಿಪುಣತನವೂ ಇದರಲ್ಲಿ ಸ್ವಲ್ಪ ಇತ್ತೆಂದು ನನ್ನ ಗುಮಾನಿ. ಹಾಸನದಲ್ಲಿ ತೋಟಾ ಕೊಳ್ಳುವಾಗಲೂ ಪೆಟ್ಟಿಗೆಗಳನ್ನು ತಿರುಗಿಸಿ ನೋಡಿ, ಒಂದೇ ತಯಾರಿಯವನ್ನೇ ಆರಿಸುತ್ತಿದ್ದರು.

ಊರಿನಲ್ಲಿ ಇಷ್ಟಾದ ಮೇಲೆ ಜಾಗ ಬದಲಾಗುತ್ತಿತ್ತು. ಚನ್ನರಾಯಪಟ್ಟಣದ ನೆಂಟರಲ್ಲಿಗೆ ಹೋದರೆ, ಬೇಸಗೆಯಲ್ಲಿ ಬತ್ತಿದ ಕೆರೆಯಂಗಳ. ಗುಂಡನ್ನು ನುಂಗಲು ಏರಿಯ ಮಣ್ಣಿದೆ. ಏರಿಯಾಚೆ ಯಾರೂ ಇಲ್ಲವೆಂದು ಮೊದಲು ನೋಡಿ ಬರಬೇಕು. ಹೊಳೆನರಸೀಪುರದಲ್ಲಿ ಹೇಮಾವತಿಯ ಮರಳ ದಿಣ್ಣೆ. ಬಯಲಿನಲ್ಲಿ ದೂರ ಕಣ್ಣಿಗೆ ಮೋಸ ಮಾಡುತ್ತದೆ: 80 ಗಜವೆಂದು ನಾವೆಲ್ಲ ಒಪ್ಪಿದ್ದು ಹೆಜ್ಜೆ ಹಾಕಿ ಅಳೆದರೆ 120. ಸೆಕೆಂಡಿಗೆ 600 ಮೀಟರು ಓಡುವ ಗುಂಡು 100 ಮೀಟರು ದಾಟುವಷ್ಟರಲ್ಲಿ ನಳಿಕೆಯ ನೇರದಿಂದ ಸುಮಾರು 14 ಸೆಂಟಿಮೀಟರು ಇಳಿದಿರುತ್ತದೆ. 200 ಮೀಟರಿಗೆ ಅರ್ಧ ಮೀಟರಿಗೂ ಮಿಗಿಲು.

ಆದರೆ ನಿಜವಾದ ಪಾಠ ಕಲಿಸಿದ್ದು ಅರಕಲಗೂಡಿನ ಆಷಾಢವೇ. ಕರಟದಡಿ ಅಡಗಿದ್ದ ತೂತುಗಳು ಮಳೆಗಾಲದಲ್ಲಿ ಮತ್ತೆ ಒಟ್ಟಿಗೇ ಬಿದ್ದವು, ಆದರೆ ನಾಲ್ಕು ಬೆರಳು ಎಡಕ್ಕೆ! ಕೋವಿಯ ಮರ ತೇವ ಕುಡಿದು ಉಬ್ಬಿ ನಳಿಕೆಯನ್ನು ಒತ್ತುತ್ತಿತ್ತು. ಅಂದಿನಿಂದ ಬೇಸಗೆಗೊಂದು, ಮಳೆಗಾಲಕ್ಕೊಂದು, ಹೀಗೆ ಎರಡು ಕಾಗದಗಳು ಗೋಡೆಗೆ ತೂಗುಬಿದ್ದವು.

ಕೊನೆಯ ಪರೀಕ್ಷೆ ಕೋವಿಗಲ್ಲ, ತಮಗೇ. ದಿಬ್ಬ ಹತ್ತಿ ಓಡಿ ಬಂದು, ಏದುಸಿರಿನಲ್ಲೇ, ಆಧಾರವಿಲ್ಲದೆ ನಿಂತು ಒಂದು ಗುಂಡು. 100 ಗಜದಲ್ಲಿ ಕರಟ ಸಾಲದೆ ಮೊರವೇ ಬೇಕಾಯಿತು. 50 ಗಜಕ್ಕೆ ಬಂದಾಗ ಮತ್ತೆ ಕರಟ ಸಾಕಾಯಿತು. ಅದಕ್ಕಿಂತ ದೂರ ಹೊಡೆಯುವುದಿಲ್ಲವೆಂದು ಅಲ್ಲೇ ತೀರ್ಮಾನ. ಗಾಯಗೊಂಡು ಪೊದೆ ಸೇರಿದ ಪ್ರಾಣಿ ಎಂತಹ ನರಳಾಟ, ಎಂತಹ ಅಪಾಯ ಎಂಬುದು ಅವರಿಗೆ ಗೊತ್ತಿತ್ತು. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಯಾರದೋ ಹಳೆಯ ಗುಂಡೇಟಿನಿಂದ ಮುರಿದಿದ್ದವೆಂದು ಅವನೇ ಬರೆದಿದ್ದಾನೆ. ಅದು ಕೊಂದ ಜನ 436.

ಒಂದು ಬೆಳುದಿಂಗಳ ರಾತ್ರಿ ಹೊಲದಲ್ಲಿ ಹಂದಿ ಕಾಣಿಸಿತು, 100 ಗಜವಿದ್ದೀತು. ಪಕ್ಕದ ಹೊಲದವರು "ಹೊಡೀರಿ, ಹೊಡೀರಿ" ಎಂದು ಪಿಸುಗುಟ್ಟಿದರು. ಚಿಕ್ಕಪ್ಪ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ನನಗೆ ತಗಡಿನ ಡಬ್ಬ ಬಡಿಯಲು ಹೇಳಿದರು.