ಒಂದೇ ತೋಟೆಯ ಕೋವಿ

ಮನುಷ್ಯನು ಅಂಗಡಿಗೆ ಹೋಗುವುದು ಸಾಮಾನ್ಯವಾಗಿ ಹೆಚ್ಚಿನದನ್ನು ಬಯಸಿ. ಹೆಚ್ಚು ಓಡುವ ವಾಹನ, ಹೆಚ್ಚು ಬೆಳಗುವ ದೀಪ, ಹೆಚ್ಚು ಬಾಳುವ ಬಟ್ಟೆ ಇವುಗಳನ್ನು ಕೇಳಿ ಬರುವ ಗಿರಾಕಿಗಳನ್ನು ವರ್ತಕನು ಬಲ್ಲನು. ಆದರೆ ಇತರ ಪದಾರ್ಥಗಳಿಗಿಂತ ಕಡಿಮೆ ಕೆಲಸ ಮಾಡುತ್ತದೆಂಬ ಒಂದೇ ಕಾರಣಕ್ಕಾಗಿ ಒಂದು ಪದಾರ್ಥವನ್ನು ಅರಸಿಕೊಂಡು ಬರುವವನನ್ನು ಕಂಡಾಗ ಎಂಥ ಅನುಭವಿಯಾದ ವರ್ತಕನಿಗೂ ಒಂದು ಕ್ಷಣ ದಿಗ್ಭ್ರಮೆಯಾಗುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗುಡ್ಡಗಾಡಿನ ಒಂದು ಸಣ್ಣ ಊರಿನಲ್ಲಿ, ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಕೋವಿಯ ಅಂಗಡಿಯವನಿಗೆ ಇಂಥ ದಿಗ್ಭ್ರಮೆಯಾಯಿತು. ಒಳಗೆ ಬಂದವರು ಅದೇ ಊರಿನ ಶಾಲೆಯಲ್ಲಿ ಚರಿತ್ರೆಯನ್ನು ಬೋಧಿಸುವ ಉಪಾಧ್ಯಾಯರು; ಜೊತೆಯಲ್ಲಿ ಹನ್ನೆರಡು ವರ್ಷದ ಮಗಳು.

“ಒಂದೇ ತೋಟೆ ಹಿಡಿಯುವಂಥ ರೈಫಲ್ಲು ಬೇಕಾಗಿತ್ತು. ಜಿಂಕೆಯ ಬೇಟೆಗೆ. ಇವಳಿಗಾಗಿ” ಎಂದರು ಉಪಾಧ್ಯಾಯರು.

ಅಂಗಡಿಯವನು ಮಾತನಾಡದೆ ಗೋಡೆಯ ಮೇಲಿನಿಂದ ಬೇರೆಯದೇ ಒಂದು ರೈಫಲ್ಲನ್ನು ಇಳಿಸಿ ಮೇಜಿನ ಮೇಲಿಟ್ಟನು. “ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಸ್ವಾಮಿ. ಇದರಲ್ಲಿ ನಾಲ್ಕು ತೋಟೆ ಹಿಡಿಯುತ್ತವೆ. ಒಂದು ಗುರಿ ತಪ್ಪಿದರೂ ಇನ್ನು ಮೂರು ಉಳಿದಿರುತ್ತವೆ.”

“ಆ ಇನ್ನು ಮೂರೇ ನನಗೆ ಬೇಡವಾಗಿರುವುದು” ಎಂದರು ಉಪಾಧ್ಯಾಯರು.

ಹನ್ನೆರಡು ವರ್ಷದ ಹುಡುಗಿಗೆ ಕೋವಿಯೆಂದೊಡನೆ ನಮ್ಮ ಕಡೆಯ ಗೃಹಿಣಿಯರು ಬೆಚ್ಚುವುದು ಸಹಜ. ಕೋವಿಯನ್ನು ಮನೆಯ ಮಗನಂತೆ ಕಾಣುವ ನಾಡು ನಮ್ಮಲ್ಲಿಯೂ ಇಲ್ಲದಿಲ್ಲ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುವುದು ಹಿಂದಿನಿಂದ ಬಂದ ಪದ್ಧತಿ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಜಿಂಕೆ ಕಡವೆಗಳನ್ನು ಕೊಲ್ಲುವುದು ಇಲ್ಲಿ ಅಪರಾಧ.

ಪೆನ್ಸಿಲ್ವೇನಿಯಾದ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮಿತಿಯಿಲ್ಲದ ಬೇಟೆಯಿಂದಲೂ ಕಾಡಿನ ನಾಶದಿಂದಲೂ ಅಲ್ಲಿ ಬಿಳಿಬಾಲದ ಜಿಂಕೆಗಳು ಬಹುಮಟ್ಟಿಗೆ ಅಳಿದುಹೋಗಿದ್ದವು. 1895ರಲ್ಲಿ ಸರ್ಕಾರವು ವನ್ಯಮೃಗಗಳ ಮೇಲ್ವಿಚಾರಣೆಗೆಂದು ಒಂದು ಆಯೋಗವನ್ನು ರಚಿಸಿತು. 1906ರಿಂದ ಮೊದಲ್ಗೊಂಡು ಹೊರಗಿನ ರಾಜ್ಯಗಳಿಂದ ಜಿಂಕೆಗಳನ್ನು ತರಿಸಿ ಕಾಡಿಗೆ ಬಿಡಲಾಯಿತು. ಅವುಗಳನ್ನು ಹಿಡಿತದಲ್ಲಿಡುತ್ತಿದ್ದ ತೋಳಗಳು ಆ ವೇಳೆಗೆ ಅಲ್ಲಿಂದ ಮಾಯವಾಗಿದ್ದವು. ಸಂತತಿ ಬೆಳೆದು ಲಕ್ಷಗಳನ್ನು ಮುಟ್ಟಿತು. ಎಳೆಯ ಸಸಿಗಳನ್ನು ಮೇಯ್ದು ಕಾಡನ್ನೇ ಬೋಳು ಮಾಡತೊಡಗಿತು. ಹೀಗಾಗಿ ತೋಳದ ಕೆಲಸವು ಮನುಷ್ಯನ ಪಾಲಿಗೆ ಬಂದಿತು. ಪ್ರತಿ ವರ್ಷವೂ ನವೆಂಬರ್ ಕೊನೆಯಲ್ಲಿ ಕೃತಜ್ಞತಾ ಹಬ್ಬ ಮುಗಿದೊಡನೆ ರೈಫಲ್ಲಿನ ಬೇಟೆಯ ಕಾಲ ಆರಂಭವಾಗುತ್ತದೆ. ಬಹುಕಾಲ ಅದರ ಮೊದಲನೆಯ ದಿನ ಸೋಮವಾರವಾಗಿತ್ತು. ಅಂದು ಶಾಲೆಗಳಿಗೆ ರಜ ಕೊಡುತ್ತಿದ್ದುದುಂಟು. 2019ರಿಂದ ಅದು ಶನಿವಾರಕ್ಕೆ ಬಂದಿದೆ. ಮಕ್ಕಳು ಮೊದಲು ಬೇಟೆಯ ಶಿಕ್ಷಣವನ್ನು ಪಡೆದು ಪರೀಕ್ಷೆ ಮುಗಿಸಬೇಕು. ಹನ್ನೆರಡು ವರ್ಷದವರು ಹಿರಿಯರ ಜೊತೆಯಲ್ಲಿಯೇ ಹೋಗಬೇಕು. ಉಪಾಧ್ಯಾಯರ ಮಗಳು ಪರೀಕ್ಷೆಯನ್ನು ಮುಗಿಸಿದ್ದಳು. ಉಳಿದಿದ್ದುದು ಕೋವಿಯೊಂದೇ.

ಆದರೆ ಒಂದೇ ತೋಟೆಯದೇ ಆಗಬೇಕೆಂಬ ಹಟವೇಕೆ? ಅದನ್ನು ಅವರು ಅಂಗಡಿಯವನಿಗೂ ಹೇಳಲಿಲ್ಲ, ಮಗಳಿಗೂ ಹೇಳಿರಲಿಲ್ಲ.

ಹನ್ನೊಂದು ವರ್ಷಗಳ ಹಿಂದೆ, ಬೇಟೆಯ ಕಾಲದ ಒಂದು ಮುಸ್ಸಂಜೆ, ಅವರ ಕೈಯಲ್ಲಿ ನಾಲ್ಕು ತೋಟೆಯ ರೈಫಲ್ಲಿತ್ತು. ದೂರದಲ್ಲಿ ಒಂದು ಗಂಡು ಜಿಂಕೆ ನಡೆದು ಹೋಗುತ್ತಿತ್ತು. ಬೆಳಕು ಸಾಲದು, ದೂರವೂ ಹೆಚ್ಚು ಎಂದು ಬುದ್ಧಿ ಹೇಳುತ್ತಿರುವಾಗಲೇ ಬೆರಳು ಕೆಲಸ ಮಾಡಿಬಿಟ್ಟಿತು. ಗುಂಡು ಎದೆಗೆ ತಾಗದೆ ಹೊಟ್ಟೆಗೆ ತಾಗಿತು. ಓಡುತ್ತಿದ್ದ ಪ್ರಾಣಿಯ ಹಿಂದೆ ಗಾಬರಿಯಿಂದ ಎರಡನೆಯದನ್ನೂ ಮೂರನೆಯದನ್ನೂ ಹಾರಿಸಿದರು. ಅವು ಮರಗಳಿಗೆ ತಾಗಿದವು. ಟಾರ್ಚು ಹಿಡಿದು ರಕ್ತದ ಜಾಡಿನಲ್ಲಿ ನಡೆದರು. ನಡುರಾತ್ರಿ ಮಳೆ ಬಂದು ಜಾಡು ತೊಳೆದುಹೋಯಿತು. ಮೂರನೆಯ ದಿನ ಕಾಗೆಗಳು ಎರಗುತ್ತಿದ್ದ ಜಾಗವನ್ನು ನೋಡಿ ಅವರು ಆ ಪ್ರಾಣಿ ಎಲ್ಲಿಯವರೆಗೆ ನಡೆದಿತ್ತೆಂಬುದನ್ನು ತಿಳಿದರು. ಮನೆಯಲ್ಲಿ “ಗುರಿ ತಪ್ಪಿತು” ಎಂದಷ್ಟೇ ಹೇಳಿದರು. ಮಾತು ಸುಳ್ಳಲ್ಲ, ಆದರೆ ನಿಜವೂ ಅಲ್ಲ.

ಅಂದಿನಿಂದ ಅವರಿಗೆ ಒಂದು ವಿಚಾರ ಅಂಟಿಕೊಂಡಿತು. ಹಿಂದೆ ಮೂರು ತೋಟೆಗಳು ಕಾದಿದ್ದುದರಿಂದಲೇ ಮೊದಲನೆಯದು ಅಗ್ಗವಾಯಿತು. ಇದ್ದುದು ಒಂದೇ ಆಗಿದ್ದರೆ ಆ ಬೆಳಕಿನಲ್ಲಿ, ಆ ದೂರಕ್ಕೆ, ಅದನ್ನು ಹಾರಿಸುತ್ತಿರಲಿಲ್ಲ.

ಅಂಗಡಿಯವನು ಒಳಗಿನಿಂದ ಒಂಟಿ ತೋಟೆಯ ಎರಡು ರೈಫಲ್ಲುಗಳನ್ನು ತಂದನು. ಮೊದಲನೆಯದು ಕಣ್ಣಿಗೆ ಹಬ್ಬ. ರೂಗರ್ ಕಂಪೆನಿಯು 1967ರಲ್ಲಿ ಹೊರತಂದ ‘ನಂಬರ್ ಒನ್’ ಎಂಬ ಮಾದರಿ ಅದು. ಕೆಳಗಿನ ಸನ್ನೆಯನ್ನು ಒತ್ತಿದರೆ ನಳಿಗೆಯ ಹಿಂದಿನ ಉಕ್ಕಿನ ತುಂಡು ಬಾಗಿಲಿನಂತೆ ಕೆಳಗಿಳಿಯುತ್ತದೆ. ತೋಟೆಯನ್ನು ಇಟ್ಟು ಸನ್ನೆಯನ್ನು ಮೇಲೆತ್ತಿದರೆ ಬಾಗಿಲು ಮುಚ್ಚುತ್ತದೆ. ಸ್ಕಾಟ್ಲೆಂಡಿನ ಜಾನ್ ಫರ್ಕಾರ್ಸನ್ 1872ರಲ್ಲಿ ಹಕ್ಕು ಪಡೆದ ಯಂತ್ರದ ವಂಶಕ್ಕೆ ಸೇರಿದ್ದು. ತೋಟೆಗಳನ್ನು ತುಂಬಿಡುವ ಪೆಟ್ಟಿಗೆಯೂ ಅದನ್ನು ಹಿಂದೆ ಮುಂದೆ ಎಳೆಯುವ ಏರ್ಪಾಟೂ ಇಲ್ಲದಿರುವುದರಿಂದ ನಳಿಗೆ ಅಷ್ಟೇ ಉದ್ದವಿದ್ದರೂ ಒಟ್ಟು ಕೋವಿಯ ಉದ್ದದಲ್ಲಿ ನಾಲ್ಕು ಅಂಗುಲದಷ್ಟು ಉಳಿತಾಯ. ಪೊದೆಗಳ ನಡುವೆ ನುಸುಳುವವನಿಗೆ ಇದು ಸಣ್ಣ ಲಾಭವಲ್ಲ.

ಚರಿತ್ರೆಯ ಉಪಾಧ್ಯಾಯರು ಅದನ್ನು ಪ್ರೀತಿಯಿಂದ ಸವರಿದರು. ಆದರೆ ಒಂಟಿ ತೋಟೆಯ ಕೋವಿಗಳ ಚರಿತ್ರೆಯಲ್ಲಿ ಸಂಯಮದ ಪಾಠವೊಂದೇ ಇಲ್ಲವೆಂಬುದೂ ಅವರಿಗೆ ತಿಳಿದಿತ್ತು. 1848ರಲ್ಲಿ ಕ್ರಿಶ್ಚಿಯನ್ ಶಾರ್ಪ್ಸ್ ಹಕ್ಕು ಪಡೆದ ಮಾದರಿಯಿಂದ ಬೆಳೆದ ರೈಫಲ್ಲುಗಳೂ ಒಂಟಿ ತೋಟೆಯವೇ. 1870ರ ದಶಕದಲ್ಲಿ ಬಯಲುಸೀಮೆಯ ಕಾಡೆಮ್ಮೆಗಳ ಹಿಂಡುಗಳನ್ನು ನಿರ್ನಾಮ ಮಾಡಿದವರ ಕೈಯಲ್ಲಿ ಅವೇ ಇದ್ದವು. ಈ ನೆನಪು ಅವರ ಸಿದ್ಧಾಂತಕ್ಕೆ ಅನುಕೂಲವಾಗಿರಲಿಲ್ಲ. ಆದ್ದರಿಂದ ಅದನ್ನು ಬೇಗ ಬದಿಗೆ ಸರಿಸಿದರು. ರೈಫಲ್ಲನ್ನೂ ಬದಿಗೆ ಸರಿಸಿದರು. ಅದರ ಬೆಲೆ ಉಪಾಧ್ಯಾಯರ ಸಂಬಳಕ್ಕೆ ಭಾರ, ತೂಕ ಮಗಳ ತೋಳಿಗೆ ಭಾರ.

ಎರಡನೆಯದು ಯಾರೋ ಬಳಸಿ ಮಾರಿದ್ದು. ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್ ಹೆಸರಿನದು. ಈ ಬಗೆಯ ಅಗ್ಗದ ಕೋವಿಗಳ ತಯಾರಿಕೆ 2015ರಲ್ಲಿ ನಿಂತಿತು. ಆದರೂ ಹಳೆಯವು ಹಳ್ಳಿಯ ಅಂಗಡಿಗಳಲ್ಲಿ ಕೈ ಬದಲಾಯಿಸುತ್ತಲೇ ಇವೆ. ಒಂದು ಕೀಲನ್ನು ಒತ್ತಿದರೆ ನಳಿಗೆ ಸೊಂಟ ಮುರಿದಂತೆ ಬಾಗುತ್ತದೆ. ಒಳಗೆ ತೋಟೆಯಿದೆಯೋ ಇಲ್ಲವೋ ಎಂಬುದು ಹತ್ತು ಹೆಜ್ಜೆ ದೂರದಲ್ಲಿರುವ ತಂದೆಗೂ ಕಾಣುತ್ತದೆ. ಬೇಲಿ ದಾಟುವಾಗ, ಬಂಡೆ ಹತ್ತುವಾಗ ಬಾಗಿಸಿಯೇ ಹಿಡಿದರೆ ಅದು ಕೋವಿಯಲ್ಲ, ಬರಿಯ ಕೊಳವೆ. ಮುಚ್ಚಿದ ಮೇಲೂ ಹೊರಗಿನ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದಲ್ಲದೆ ಹಾರುವುದಿಲ್ಲ. ಮಗುವಿನ ಕೈಗೆ ಕೊಡುವ ಆಯುಧದಲ್ಲಿ ಇದಕ್ಕಿಂತ ದೊಡ್ಡ ಗುಣ ಮತ್ತೊಂದಿಲ್ಲ.

ಆದರೂ ಅವರು ಕಣ್ಣುಮುಚ್ಚಿ ಕೊಳ್ಳಲಿಲ್ಲ. ಮೊದಲು ಹಿಂಬದಿಯ ಮರದ ಅಳತೆ. ಕೋವಿಯ ತುದಿಯನ್ನು ಮೊಣಕೈಯ ಮಡಿಕೆಗೆ ತಾಗಿಸಿ ಹಿಡಿದಾಗ ಬೆರಳು ಟ್ರಿಗರನ್ನು ಸರಾಗವಾಗಿ ಮುಟ್ಟಬೇಕು. ಮಗಳ ಬೆರಳು ಮುಟ್ಟಲಿಲ್ಲ. ಮಕ್ಕಳಿಗೆಂದೇ ಮಾಡಿದ ಗಿಡ್ಡ ಮರವನ್ನು ಜೋಡಿಸಬೇಕಾಯಿತು. ಅನಂತರ ಟ್ರಿಗರು. ಅಗ್ಗದ ಕೋವಿಗಳಲ್ಲಿ ಅದು ಬಿಗಿಯಾಗಿದ್ದು, ಎಳೆಯುವ ಸೆಣಸಾಟದಲ್ಲಿಯೇ ಗುರಿ ಸರಿಯುತ್ತದೆ. ಅನಂತರ ಮೇಲಿನ ದುರ್ಬೀನು. ಅದನ್ನು ಕೂರಿಸಿದರೆ ಕುದುರೆ ಅದರ ಅಡಿಯಲ್ಲಿ ಅಡಗಿ ಹೆಬ್ಬೆರಳಿಗೆ ಸಿಕ್ಕುವುದಿಲ್ಲ. ಚಳಿಯಲ್ಲಿ ಕೈಚೀಲ ತೊಟ್ಟಾಗಲಂತೂ ಜಾರುವ ಅಪಾಯ. ಪಕ್ಕಕ್ಕೆ ಚಾಚಿಕೊಳ್ಳುವ ಒಂದು ಚಿಕ್ಕ ಕಡ್ಡಿಯನ್ನು ಕುದುರೆಗೆ ತಿರುಪಿ ಅಂಗಡಿಯವನು ಆ ತೊಂದರೆಯನ್ನು ನಿವಾರಿಸಿದನು.

ಕೊನೆಯದು ತೋಟೆಯ ಜಾತಿ. ಹಗುರವಾದ ಕೋವಿಯಲ್ಲಿ ಬಲವಾದ ತೋಟೆಯನ್ನು ಹಾಕಿದರೆ ಹೆಗಲಿಗೆ ಬೀಳುವ ಒದೆತ ಮಗುವನ್ನು ಹೆದರಿಸುತ್ತದೆ; ಹೆದರಿದ ಮಗು ಹಾರಿಸುವ ಮೊದಲೇ ಕಣ್ಣು ಮುಚ್ಚುತ್ತದೆ. 1906ರಿಂದ ಹೆಸರಾದ ‘ಥರ್ಟಿ ಆಟ್ ಸಿಕ್ಸ್’ ಎಂಬ ತೋಟೆಯನ್ನು ಅವರು ಬೇಡವೆಂದರು. 1955ರಲ್ಲಿ ಬಂದ ‘ಟೂ ಫಾರ್ಟಿ ತ್ರೀ ವಿಂಚೆಸ್ಟರ್’ ಒಪ್ಪಿಗೆಯಾಯಿತು. ಅದರ ಒದೆತ ಸುಮಾರಾಗಿ ಅರ್ಧದಷ್ಟು. ಆ ಕಾಡಿನ ಜಿಂಕೆಗೆ ಅದು ಸಾಕು, ಆದರೆ ಗುಂಡು ಸರಿಯಾದ ಜಾಗಕ್ಕೆ ಬಿದ್ದರೆ ಮಾತ್ರ.

ಹಣ ಎಣಿಸಿಕೊಳ್ಳುತ್ತ ಅಂಗಡಿಯವನು ಒಂದು ಮಾತನ್ನು ಹೇಳಿದನು: “ಕೋಪ ಮಾಡಿಕೊಳ್ಳಬೇಡಿ. ಎರಡನೆಯ ಗುಂಡು ಬರಿಯ ದುರಾಸೆಯಲ್ಲ. ಗಾಯಗೊಂಡು ನರಳುವ ಪ್ರಾಣಿಗೆ ಅದೇ ದಯೆ. ಆ ಹೊತ್ತಿನಲ್ಲಿ ಮಗು ಜೇಬು ತಡಕುತ್ತ ನಿಲ್ಲಬಾರದು. ಇನ್ನೊಂದು ತೋಟೆಯನ್ನು ಬೆರಳುಗಳ ಸಂದಿಯಲ್ಲಿ ಹಿಡಿದು ಬೇಗ ತುಂಬುವುದನ್ನೂ ಕಲಿಸಿ.”

ಉಪಾಧ್ಯಾಯರಿಗೆ ಈ ಮಾತು ಚುಚ್ಚಿತು. ಆದರೆ ಒಪ್ಪಬೇಕಾಯಿತು.

ಮನೆಯಲ್ಲಿ ಅವರ ತಂದೆ, ಎಪ್ಪತ್ತೆಂಟರ ಮುದುಕರು, ಕೋವಿಯನ್ನು ಬಾಗಿಸಿ ನಳಿಗೆಯೊಳಗೆ ಇಣುಕಿ, “ಒಳ್ಳೆಯ ಕೋವಿ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಒಂದು ತೋಟೆಯಿಟ್ಟುಕೊಂಡು ಮೂರ್ಖತನ ಮಾಡಿದವರನ್ನೂ ನಾನು ಕಂಡಿದ್ದೇನೆ ಕಣಪ್ಪ” ಎಂದು ಸೇರಿಸಿದರು. ಮಗನು ಉತ್ತರ ಕೊಡಲಿಲ್ಲ.

ಮೂರು ತಿಂಗಳು ಅಭ್ಯಾಸ ನಡೆಯಿತು. ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಜಾಗ ಸುಮಾರು ಎಂಟು ಅಂಗುಲ ಅಗಲ. ಊಟದ ಕಾಗದದ ತಟ್ಟೆಯಷ್ಟು. ತಟ್ಟೆಯನ್ನು ಕಂಬಕ್ಕೆ ಚುಚ್ಚಿ ಮೊದಲು ಐವತ್ತು ಗಜ, ಆಮೇಲೆ ಎಪ್ಪತ್ತೈದು, ಆಮೇಲೆ ನೂರು. ಕುಳಿತು, ಮಂಡಿಯೂರಿ, ಮರಕ್ಕೆ ಒರಗಿ ಹಾರಿಸಿದ ಐದಕ್ಕೆ ಐದೂ ತಟ್ಟೆಗೆ ಬಿದ್ದ ದೂರವೇ ಅವಳ ಎಲ್ಲೆ ಎಂದು ತಂದೆ ಗೆರೆ ಎಳೆದರು. ಅದು ನೂರು ಗಜವಾಯಿತು. ಪ್ರಾಣಿ ಪಕ್ಕಕ್ಕೆ ತಿರುಗಿರಬೇಕು, ಅಥವಾ ಸ್ವಲ್ಪ ಆಚೆಗೆ ಓರೆಯಾಗಿರಬೇಕು. ಎದುರಾಗಿ ನಿಂತದ್ದಕ್ಕೆ, ಓಡುವುದಕ್ಕೆ ಕೋವಿ ಎತ್ತಕೂಡದು. ನಿಯಮಗಳೆಲ್ಲವನ್ನೂ ಹೇಳಿದರು. ಅವು ಎಲ್ಲಿಂದ ಬಂದವೆಂಬುದನ್ನು ಮಾತ್ರ ಹೇಳಲಿಲ್ಲ.

ಆ ಶನಿವಾರ ಬೆಳಗಾಗುವ ಮೊದಲೇ ಕಾನೂನಿನಂತೆ ಉಜ್ಜ್ವಲವಾದ ಕಿತ್ತಳೆ ಬಣ್ಣದ ಟೋಪಿ, ಕವಚಗಳನ್ನು ತೊಟ್ಟು ತಂದೆ ಮಗಳು ಒಂದು ಓಕ್ ಮರದ ಬುಡದಲ್ಲಿ ಕುಳಿತರು. ಎಂಟು ಗಂಟೆಯ ಸುಮಾರಿಗೆ ಕವಲುಗೊಂಬಿನ ಒಂದು ಗಂಡು ಜಿಂಕೆ ಇಳಿಜಾರಿನಲ್ಲಿ ಬಂದು, ಎಪ್ಪತ್ತು ಗಜದೊಳಗೆ, ತೆಳುವಾದ ರೆಂಬೆಗಳ ಹಿಂದೆ ನಿಂತಿತು. ಮಗಳು ಕೋವಿಯನ್ನು ಮೊಣಕಾಲಿನ ಮೇಲೆ ಊರಿ ಕುದುರೆಯನ್ನು ಎಳೆದಳು. ತಂದೆಯ ಉಸಿರು ನಿಂತಿತು. ಒಂದು ನಿಮಿಷ, ಎರಡು ನಿಮಿಷ. ಜಿಂಕೆ ತಲೆಯೆತ್ತಿ ಇತ್ತಲೇ ನೋಡಿತು; ಹೊರಳಿ ಬಿಳಿಯ ಬಾಲವನ್ನೆತ್ತಿ ಹಾರಿಹೋಯಿತು. ಮಗಳು ನಳಿಗೆಯನ್ನು ನೆಲದತ್ತ ತಿರುಗಿಸಿ ಕುದುರೆಯನ್ನು ಮೆಲ್ಲಗೆ ಇಳಿಸಿದಳು. ಕೋವಿಯನ್ನು ಬಾಗಿಸಿ ತೋಟೆಯನ್ನು ತೆಗೆದು ಜೇಬಿನಲ್ಲಿಟ್ಟುಕೊಂಡಳು. ಅವಳ ಕೈ ನಡುಗುತ್ತಿತ್ತು.

ಅಂದು ಸಂಜೆ ಒಲೆಯ ಮುಂದೆ ಮುದುಕರು ಎಲ್ಲವನ್ನೂ ಕೇಳಿದರು. ಉಪಾಧ್ಯಾಯರ ಮುಖದಲ್ಲಿ ಗೆಲುವಿತ್ತು. “ನೋಡಿದಿರಾ ಅಪ್ಪ? ನಾಲ್ಕು ತೋಟೆ ಇದ್ದಿದ್ದರೆ ಹಾರಿಸಿಬಿಡುತ್ತಿದ್ದಳು. ಇದ್ದುದು ಒಂದೇ ಎಂದು ತಡೆದಳು.”

“ಒಂದೇ ಇದೆಯೆಂದು ನನಗೆ ನೆನಪೇ ಬರಲಿಲ್ಲ, ಅಜ್ಜ” ಎಂದಳು ಹುಡುಗಿ. “ರೆಂಬೆಗೆ ತಾಗಿ ಗುಂಡು ಎಲ್ಲಾದರೂ ಬಿದ್ದು, ಅದು ಸಾಯದೆ ಓಡಿಹೋದರೆ ರಾತ್ರಿಯೆಲ್ಲ ಎಲ್ಲಿ ಬಿದ್ದುಕೊಂಡಿರುತ್ತದೋ ಅನ್ನಿಸಿತು. ಅಷ್ಟೇ.”

ಮುದುಕರು ಮಗಳ ಮಾತಿಗೆ ತಲೆದೂಗಲಿಲ್ಲ. ಮಗನ ಮುಖವನ್ನು ನೋಡಿದರು. ಹನ್ನೊಂದು ವರ್ಷಗಳ ಹಿಂದೆ ಮಳೆಯಲ್ಲಿ ತೊಯ್ದು ನಡುರಾತ್ರಿಯಲ್ಲಿ ಮನೆಗೆ ಬಂದವನು “ಗುರಿ ತಪ್ಪಿತು” ಎಂದಾಗಲೂ ಅವರು ಹಾಗೆಯೇ ನೋಡಿದ್ದರು. ಗುರಿ ತಪ್ಪಿದವನು ಮೂರು ದಿನ ಕಾಡಿನಲ್ಲಿ ಅಲೆಯುವುದಿಲ್ಲವೆಂಬುದು ಅವರಿಗೆ ತಿಳಿಯದ ವಿಷಯವಾಗಿರಲಿಲ್ಲ.

ಉಪಾಧ್ಯಾಯರು ಗೋಡೆಗೆ ಒರಗಿಸಿದ್ದ ಕೋವಿಯ ಕಡೆ ನೋಡಿದರು. ಎಷ್ಟು ಅಳತೆಗಳು, ಎಷ್ಟು ವಿಚಾರ, ಎಷ್ಟು ಹಣ! ತಾವು ಬಾಯಿಬಿಟ್ಟು ಹೇಳಬೇಕಾಗಿದ್ದ ಒಂದು ಮಾತನ್ನು ಕಬ್ಬಿಣವೂ ಮರವೂ ಸೇರಿ ತಮ್ಮ ಪರವಾಗಿ ಹೇಳಲಿ ಎಂದಲ್ಲವೆ ಆ ಆಯ್ಕೆಯೆಲ್ಲ ನಡೆದದ್ದು? ಮಗುವು ಆ ಮಾತನ್ನು ಯಾರ ಸಹಾಯವೂ ಇಲ್ಲದೆ ತಾನೇ ಕಂಡುಕೊಂಡಿತ್ತು.

ಅವರು ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡರು. “ಇಲ್ಲಿ ಬಾ ಮಗು” ಎಂದರು. “ನೀನು ಒಂದು ವರ್ಷದ ಕೂಸಾಗಿದ್ದಾಗ ಒಂದು ಸಂಜೆ ನಾನು ಆ ಗುಡ್ಡಕ್ಕೆ ಹೋಗಿದ್ದೆ. ಬೆಳಕು ಸಾಲದಾಗಿತ್ತು...”