ಮೂವತ್ತೇಳರ ಹಾದಿ

ಮಗ್ಗಿ ಇಪ್ಪತ್ತಕ್ಕೇ ಮುಗೀತು ಅಂದುಕೊಂಡವರೇ ಹೆಚ್ಚು. ಅದರಾಚೆ ಯಾಕೆ ಹೋಗಬಾರದು? ಮೂವತ್ತೇಳನ್ನೇ ತಗೊಳ್ಳಿ, ಅದಕ್ಕೆ ಅದನ್ನೇ ಕೂಡಿಸುತ್ತಾ ಹೋಗಿ. ನೋಡಲು ಒರಟು ಸಂಖ್ಯೆ, ಸಮಪಾಲು ಮಾಡಲು ಯಾರಿಗೂ ಒಗ್ಗದು. 37, 74 ಅನ್ನುವಷ್ಟರಲ್ಲಿ ನಾಲಿಗೆ ತೊಡರುತ್ತದೆ. ಮೂರನೇ ಹೆಜ್ಜೆ ಇಟ್ಟಿರೋ, 111! ಮತ್ತೆ ಮೂರು ಹೆಜ್ಜೆ ನಡೆಯಿರಿ: 148, 185, 222. ಇನ್ನೂ ಮೂರು: 259, 296, 333. ಹೀಗೇ 999ರವರೆಗೂ ಮೂರು ಹೆಜ್ಜೆಗೊಂದು ತಂಗುದಾಣ ಸಿಗುತ್ತಲೇ ಇರುತ್ತದೆ.

ಕೂಡಿಸುವುದು ಅಂದೆ, ಈಗ ಅಳೆಯುವುದು ನೆನಪಾಯಿತು. ಹಾನಗಲ್ಲ ಕಡೆ ಭತ್ತದ ಕಣದಲ್ಲಿ ರಾಶಿ ಅಳೆಯುವ ಹಿರಿಯರು ಮೊದಲ ಅಳತೆಗೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. ಒಂದೊಂದು ಎಣಿಕೆಯನ್ನೂ ರಾಗವಾಗಿ ಎಳೆದು, ಕೈಯಲ್ಲಿದ್ದ ಅಳತೆ ರಾಶಿಗೆ ಇಳಿದು ಮೇಲೇಳುವವರೆಗೂ ಬಿಡುತ್ತಿರಲಿಲ್ಲ. ಎಣಿಕೆ ತಪ್ಪದಿರಲು ಆ ರಾಗವೇ ಕಾವಲು. ಈಗ ಹಿರೇಕೆರೂರಿನ ಗೋವಿನಜೋಳವೆಲ್ಲ ಚೀಲ ತುಂಬಿ ಕಾಟಾದ ಮೇಲೆ ಕೂರುತ್ತದೆ, ಅಂಕಿ ತಾನಾಗಿ ಬೆಳಗುತ್ತದೆ. ತೂಕ ಸರಿಯಾಗಿ ಬಂದರೆ ರೈತನಿಗೆ ಒಳ್ಳೆಯದೇ. ಆದರೂ ಬಾಯಲ್ಲಿ ಎಣಿಸುವ ಸುಖ ಹೋಯಿತಲ್ಲ ಅಂತ ನನಗೆ ನಿಜವಾಗಿ ಬೇಜಾರು.

ಎಲ್ಲ ಸಂಖ್ಯೆಯೂ ಆ ಸುಖ ಕೊಡುವುದಿಲ್ಲ, ಅದೂ ಸರಿ. ಸವಣೂರಿನ ವೀಳ್ಯದೆಲೆಯನ್ನು ನೂರು ನೂರಾಗಿ ಎಣಿಸುತ್ತಾ ಹೋಗಿ: ಕೊನೆಗೆ ಎರಡು ಸೊನ್ನೆ, ಮತ್ತೆ ಎರಡು ಸೊನ್ನೆ. ಎಲೆಗಿರುವ ರುಚಿ ಆ ಎಣಿಕೆಗೆಲ್ಲಿ? ಅದೇ ನೂರಕ್ಕೆ ಕಾಲು ಭಾಗ ಸೇರಿಸಿ, ನಮ್ಮ ಅಜ್ಜಂದಿರ ಸವಾಶೆ ಮಾಡಿ ನೋಡಿ. 1956ರವರೆಗೆ ಮುಂಬೈ ಸರಕಾರದ ಕೆಳಗಿದ್ದ ನಾಡಲ್ಲವೇ ಇದು, ಸಂತೆಯ ಬಾಯಲ್ಲಿ ಸವಾಶೆ, ದೀಡಶೆ, ಅಡೀಚಶೆಯಂಥ ಮರಾಠಿ ಎಣಿಕೆಗಳು ಸಲೀಸಾಗಿ ಓಡಾಡುತ್ತಿದ್ದವು. 125, 250, 375, 500, 625, 750, 875, ಎಂಟನೇ ಹೆಜ್ಜೆಗೆ ಸರಿಯಾಗಿ ಸಾವಿರ. ಅಲ್ಲಿಂದ ಮುಂದೆ ಕೊನೆಯ ಮೂರಂಕಿ ಮತ್ತೆ ಮೊದಲಿನಿಂದ.

ಸವಣೂರಿಗೆ ಬಂದ ಮೇಲೆ ಸತ್ಯಬೋಧತೀರ್ಥರ ವೃಂದಾವನವನ್ನು ದಾಟಿ ಹೋಗಲಾದೀತೇ? ಅಲ್ಲಿ ಯಾರಾದರೂ ಜಪಮಾಲೆ ಹಿಡಿದು ಕೂತಿದ್ದರೆ ಅವರದು 108ರ ಲೆಕ್ಕ. 108, 216, 324, 432, 540. ಯಾವುದರ ಅಂಕಿಗಳನ್ನು ಕೂಡಿದರೂ ಒಂಬತ್ತು. ಆರನೆಯ ಸುತ್ತಿಗೆ 648, ಕೂಡಿದರೆ 18, ಅದನ್ನೂ ಕೂಡಿದರೆ ಮತ್ತೆ ಒಂಬತ್ತೇ. ಎಷ್ಟು ಸುತ್ತು ಹಾಕಿದರೂ ಒಂಬತ್ತು ಜೊತೆ ಬಿಡುವುದಿಲ್ಲ.

ಎಲ್ಲಿದ್ದೆವು? ಹೌದು, ಮೂವತ್ತೇಳು. ಅದರಲ್ಲಿ ಇನ್ನೊಂದು ಚೆಲುವಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಐದನೇ ಹೆಜ್ಜೆಯ 185 ತಗೊಂಡು ಮೊದಲಂಕಿಯನ್ನು ಹಿಂದಕ್ಕೆ ಕಳಿಸಿ. 851 ಆಯಿತು, ಅದು ಇಪ್ಪತ್ತಮೂರನೇ ಹೆಜ್ಜೆ! ಇನ್ನೊಮ್ಮೆ ಕಳಿಸಿ: 518, ಅದು ಹದಿನಾಲ್ಕನೆಯದು. ಹೀಗೆ ಎಷ್ಟು ಸಲ ತಿರುಗಿಸಿದರೂ ಹಾದಿ ಬಿಟ್ಟು ಆಚೆ ಹೋಗುವುದಿಲ್ಲ. ಗುಟ್ಟು ಇಷ್ಟೇ: 185ನ್ನು ಹತ್ತರಿಂದ ಗುಣಿಸಿ 1850 ಮಾಡಿ, ಅದರಿಂದ 999 ಕಳೆದರೆ 851. ಆ 999 ಇದೆಯಲ್ಲ, ಅದೂ 37ರ ಇಪ್ಪತ್ತೇಳು ಪಟ್ಟು. ಮೂವತ್ತೇಳರ ಮನೆಯಿಂದ ಮೂವತ್ತೇಳರದೇ ಸಾಮಾನು ತೆಗೆದರೆ ಉಳಿಯುವುದೂ ಅದೇ ಮನೆಯದು.

ಈ ಹುಚ್ಚು ನಮ್ಮ ನೆಲಕ್ಕೆ ಹಳೆಯದು. ಶಿಗ್ಗಾಂವಿ ತಾಲೂಕಿನ ಬಂಕಾಪುರಕ್ಕೆ ಹೆಸರು ಬಂದದ್ದು ಬಂಕೇಯನಿಂದ. ಅವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ದಂಡನಾಯಕ. ಅದೇ ದೊರೆಯ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಗುಣಾಕಾರದ ಪಾಠದಲ್ಲೇ ಅವರು ಹಾರ ಪೋಣಿಸಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151, ಹಿಂದಿನಿಂದ ಓದಿದರೂ ಅದೇ. 12345679ಕ್ಕೆ ಒಂಬತ್ತು ತಾಗಿಸಿದರೆ ಸಾಲಾಗಿ ಒಂಬತ್ತು ಒಂದುಗಳು. ಇಂಥ ಉತ್ತರಗಳನ್ನು ಅವರು ಕೊರಳಿನ ಆಭರಣ ಎಂದೇ ಕರೆದರು. ಲೆಕ್ಕ ಕಲಿಸುವ ಪುಸ್ತಕದಲ್ಲಿ ಇಷ್ಟು ಸಡಗರಕ್ಕೆ ಜಾಗ ಬಿಟ್ಟ ಆ ಹಿರಿಯರ ಮೇಲೆ ನನಗೆ ತುಂಬ ಪ್ರೀತಿ. ಬಂಕಾಪುರದಲ್ಲಿ ಬಂಕೇಯನ ಮಗ ಲೋಕಾದಿತ್ಯ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರರ ‘ಉತ್ತರಪುರಾಣ’ಕ್ಕೆ ಪೂಜೆಯಾಯಿತು. 898 ನಮ್ಮ ಮೂವತ್ತೇಳರ ಹಾದಿಯಲ್ಲಿಲ್ಲ ಬಿಡಿ, 888 ಇದೆ, ಆಮೇಲೆ 925.

ಅದೇ ಬಂಕಾಪುರದ ನಗರೇಶ್ವರನ ಗುಡಿಯನ್ನು ಊರವರು ಅರವತ್ತು ಕಂಬದ ಗುಡಿ ಅನ್ನುತ್ತಾರೆ. ಮಕ್ಕಳನ್ನು ಕರಕೊಂಡು ಹೋದರೆ ಒಂದೊಂದೇ ಕಂಬ ಮುಟ್ಟುತ್ತಾ ಮೂವತ್ತೇಳು ಕೂಡಿಸಿ ಅನ್ನಿ. ಇಪ್ಪತ್ತೇಳನೇ ಕಂಬಕ್ಕೆ 999 ಬಂದಾಗ ಎಷ್ಟು ಗದ್ದಲ ಆಗುತ್ತದೆ ನೋಡಿ.

ಮೂವತ್ತೇಳು ಸಲೀಸಾಯಿತೋ, 271 ಹಿಡಿಯಿರಿ. 271, 542, 813, 1084. ನಲವತ್ತೊಂದನೇ ಹೆಜ್ಜೆಗೆ 11111 ಕಾದಿದೆ. ಹಾನಗಲ್ಲಿನಲ್ಲಿ ಬಸ್ಸು ಹತ್ತಿದಾಗ ಶುರು ಮಾಡಿದರೆ, ನಡುವೆ ಯಾರೂ ಮಾತಿಗೆ ಸಿಗದಿದ್ದರೆ, ಹಿರೇಕೆರೂರು ಬರುವುದರೊಳಗೆ ಮುಗಿಸಬಹುದು.